ಒಂದೇ ದಿನ ನಡೆದವಂತೆ, ಯಾವ ಕ್ಯಾಲೆಂಡರಿನಲ್ಲಿ?

ಪ್ರಶ್ನೆ: ಬೆಳಗಾವಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರಾರ್ಥನೆಯ ಹೊತ್ತಿಗೆ ಓದಿ, ಆಮೇಲೆ ಹಲಗೆಯ ಮೇಲೆ ಬರೆಯುವ ‘ಈ ದಿನದ ವಿಶೇಷ’ ಈ ವರ್ಷ ನನ್ನ ಪಾಲಿಗೆ ಬಂದಿದೆ. ವಾಟ್ಸಾಪ್‌ಗೆ ಬರುವ ಪಟ್ಟಿ ನೋಡಿಕೊಂಡು ಬರೆಯುತ್ತಿದ್ದೆ. ಜನವರಿ 30ಕ್ಕೆ ಗಾಂಧೀಜಿ ಹತ್ಯೆಯ ಕೆಳಗೆ ‘1649: ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ದೊರೆಯ ಶಿರಚ್ಛೇದ’ ಎಂದು ಬರೆದೆ. ಮರುದಿನ ಒಬ್ಬ ಹುಡುಗ ‘ಅದು ಫೆಬ್ರವರಿ 9 ಅಂತಿದೆ ಮಿಸ್’ ಎಂದ. ಫೆಬ್ರವರಿ 19ಕ್ಕೆ ಶಿವಾಜಿ ಜಯಂತಿ ಎಂದು ಬರೆದರೆ ‘ತಿಥಿ ಪ್ರಕಾರ ಇನ್ನೂ ಬಂದಿಲ್ಲ’ ಎನ್ನುವವರು ಇದ್ದಾರೆ. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26. ಇದು ಬರೀ ಕಾಕತಾಳೀಯವೇ ಎಂದು ಮಕ್ಕಳು ಕೇಳುತ್ತಾರೆ. ಕೆಲವು ತಾರೀಖುಗಳಿಗೇ ಒಂದು ಬಲ ಇರುತ್ತದೆ, ಸೆಪ್ಟೆಂಬರ್ 11 ನೋಡಿ, ಎನ್ನುತ್ತಾರೆ ಸಹೋದ್ಯೋಗಿಯೊಬ್ಬರು. ಯಾವುದನ್ನು ನಂಬಲಿ, ಹಲಗೆಯ ಮೇಲೆ ಏನು ಬರೆಯಲಿ?

ಉತ್ತರ: ಆ ಹುಡುಗ ಹೇಳಿದ್ದು ಸರಿ, ನೀವು ಬರೆದದ್ದೂ ತಪ್ಪಲ್ಲ. ಚಾರ್ಲ್ಸ್ ದೊರೆಯ ತಲೆ ಉರುಳಿದ ದಿನ ಲಂಡನ್ನಿನವರಿಗೆ ಜನವರಿ 30, ಕಡಲಾಚೆಯ ಪ್ಯಾರಿಸಿನವರಿಗೆ ಫೆಬ್ರವರಿ 9. ಇಷ್ಟಕ್ಕೇ ಮುಗಿಯಲಿಲ್ಲ. ಆ ಕಾಲದ ಇಂಗ್ಲಿಷ್ ಕಾಗದಪತ್ರ ತೆಗೆದರೆ ಇಸವಿ 1648 ಎಂದಿರುತ್ತದೆ, ಏಕೆಂದರೆ ಅವರ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಒಂದು ಸಾವು, ಮೂರು ಬರಹ.

ನಿಮ್ಮ ಪ್ರಶ್ನೆಯಲ್ಲಿ ಎರಡು ಗಂಟುಗಳಿವೆ. ತಾರೀಖುಗಳು ಯಾಕೆ ತಾಳೆಯಾಗುವುದಿಲ್ಲ ಎಂಬುದು ಒಂದು, ತಾಳೆಯಾದಾಗ ಅದಕ್ಕೆ ಅರ್ಥವಿದೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಬಿಡಿಸದೆ ಎರಡನೆಯದಕ್ಕೆ ಕೈಹಾಕುವುದರಿಂದಲೇ ಈ ವಾಟ್ಸಾಪ್ ಪಟ್ಟಿಗಳು ಕೆಡುವುದು.

ಯುರೋಪಿನ ಹಳೆಯ ಕ್ಯಾಲೆಂಡರು, ಅಂದರೆ ಜೂಲಿಯನ್, ವರ್ಷಕ್ಕೆ 365 ದಿನ 6 ಗಂಟೆ ಎಂದು ಲೆಕ್ಕ ಹಿಡಿದಿತ್ತು. ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. 128 ವರ್ಷಕ್ಕೆ ಒಂದು ದಿನದಷ್ಟು ಬಾಕಿ ಬೆಳೆಯುತ್ತಾ ಹೋಯಿತು. 1582ರಲ್ಲಿ ಪೋಪ್ 13ನೇ ಗ್ರೆಗರಿ 10 ದಿನ ಕಿತ್ತುಹಾಕಿದ: ಅಕ್ಟೋಬರ್ 4 ಗುರುವಾರದ ಮರುದಿನ ಅಕ್ಟೋಬರ್ 15 ಶುಕ್ರವಾರ. ಇದೇ ನಾವು ಈಗ ಬಳಸುವ ಹೊಸ ಕ್ಯಾಲೆಂಡರು, ಗ್ರೆಗೋರಿಯನ್. ವಾರದ ಸರಣಿಯನ್ನು ಮುಟ್ಟಲಿಲ್ಲ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಇಟಲಿ, ಸ್ಪೇನ್, ಪೋರ್ಚುಗಲ್ ಕೂಡಲೇ ಒಪ್ಪಿದವು. ಪೋಪ್ ಹೇಳಿದ್ದನ್ನು ಕೇಳಬೇಕೇ ಎಂದು ಪ್ರೊಟೆಸ್ಟೆಂಟ್ ಇಂಗ್ಲೆಂಡು 170 ವರ್ಷ ಸುಮ್ಮನಿತ್ತು. 1752ರಲ್ಲಿ ಸೆಪ್ಟೆಂಬರ್ 2 ಬುಧವಾರ ಮಲಗಿದ ಇಂಗ್ಲಿಷರು ಎದ್ದದ್ದು ಸೆಪ್ಟೆಂಬರ್ 14 ಗುರುವಾರ. ರಷ್ಯ ಬದಲಾಯಿಸಿದ್ದು 1918ರಲ್ಲಿ, ಜನವರಿ 31ರ ಮರುದಿನ ಫೆಬ್ರವರಿ 14. ಹಾಗಾಗಿಯೇ ‘ಅಕ್ಟೋಬರ್ ಕ್ರಾಂತಿ’ಯ ವಾರ್ಷಿಕೋತ್ಸವ ನವೆಂಬರ್ 7ಕ್ಕೆ.

ಹಳೆಯ ತಾರೀಖನ್ನು ಹೊಸದಕ್ಕೆ ತರಲು ಎಷ್ಟು ದಿನ ಕೂಡಿಸಬೇಕು? 1582ರಿಂದ 1700ರ ಫೆಬ್ರವರಿವರೆಗೆ 10, ಅಲ್ಲಿಂದ 1800ರ ಫೆಬ್ರವರಿವರೆಗೆ 11, 1900ರ ಫೆಬ್ರವರಿವರೆಗೆ 12, ಆಮೇಲೆ 13. ನೂರು ವರ್ಷಕ್ಕೊಮ್ಮೆ ಅಂತರ ಬದಲಾಗುವುದು ಹೊಸ ಪದ್ಧತಿಯಲ್ಲಿ 1700, 1800, 1900 ಅಧಿಕ ವರ್ಷಗಳಲ್ಲವಾದ್ದರಿಂದ.

ಈಗ ಪಟ್ಟಿಗಳ ಅಚ್ಚುಮೆಚ್ಚಿನ ಸಂಗತಿ ನೋಡಿ. 1616ರ ಏಪ್ರಿಲ್ 23ರಂದು ಷೇಕ್ಸ್‌ಪಿಯರ್, ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಇಬ್ಬರೂ ತೀರಿಕೊಂಡರಂತೆ, ಅದಕ್ಕೇ ವಿಶ್ವ ಪುಸ್ತಕ ದಿನವಂತೆ. ಯುನೆಸ್ಕೊ 1995ರಲ್ಲಿ ಆ ದಿನ ಆರಿಸಿದ್ದು ನಿಜ. ಆದರೆ ಸ್ಪೇನಿನಲ್ಲಿ ಹೊಸ ಕ್ಯಾಲೆಂಡರು, ಇಂಗ್ಲೆಂಡಿನಲ್ಲಿ ಹಳೆಯದು. ಷೇಕ್ಸ್‌ಪಿಯರ್ ಸತ್ತಾಗ ಮ್ಯಾಡ್ರಿಡ್ಡಿನಲ್ಲಿ ಮೇ 3. ಅದೂ ಸಾಲದು ಎಂಬಂತೆ, ಸರ್ವಾಂಟಿಸ್ ತೀರಿಕೊಂಡದ್ದು 22ಕ್ಕೆ, 23 ಮಣ್ಣು ಮಾಡಿದ ದಿನ. ಷೇಕ್ಸ್‌ಪಿಯರ್ ಹುಟ್ಟಿದ್ದೂ ಏಪ್ರಿಲ್ 23 ಎಂದು ಬರೆಯುತ್ತಾರಲ್ಲ, ದಾಖಲೆಯಲ್ಲಿರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನ ಮಾತ್ರ. ಮೂರು ದಿನ ಹಿಂದೆ ಸರಿಸಿ ಊಹಿಸಿದ್ದು.

ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂಬುದೂ ಇದೇ ಜಾತಿಯದು. ಗೆಲಿಲಿಯೊ ಹೋದದ್ದು ಇಟಲಿಯ ಲೆಕ್ಕದಲ್ಲಿ 1642ರ ಜನವರಿ 8. ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ಲೆಕ್ಕದಲ್ಲಿ 1642ರ ಡಿಸೆಂಬರ್ 25, ಇಟಲಿಯ ಲೆಕ್ಕದಲ್ಲಿ 1643ರ ಜನವರಿ 4. ಒಂದು ಕಡೆ ಸೇರು, ಇನ್ನೊಂದು ಕಡೆ ಕಿಲೋ ಹಿಡಿದು ತೂಗಿದಂತಾಯಿತು. ಅದೇ ಸ್ಟೀಫನ್ ಹಾಕಿಂಗ್ ವಿಷಯದಲ್ಲಿ ಪಟ್ಟಿಗಳು ಹೇಳುವುದು ನಿಜ: ಹುಟ್ಟಿದ್ದು 1942ರ ಜನವರಿ 8, ಗೆಲಿಲಿಯೊ ಸತ್ತು ಸರಿಯಾಗಿ 300 ವರ್ಷಕ್ಕೆ, ಎರಡೂ ಒಂದೇ ಪದ್ಧತಿಯಲ್ಲಿ. ತೀರಿಕೊಂಡದ್ದು 2018ರ ಮಾರ್ಚ್ 14, ಐನ್‌ಸ್ಟೈನ್ ಹುಟ್ಟಿದ ದಿನ. ಆ ಜನವರಿ 8ರಂದು ಇನ್ನೂ ಎರಡು ಲಕ್ಷ ಮಕ್ಕಳು ಹುಟ್ಟಿರಬಹುದು ಎಂದು ಹಾಕಿಂಗ್ ತಾವೇ ಅಂದಾಜು ಮಾಡಿದ್ದರು.

ಇದೆಲ್ಲ ಯುರೋಪಿನ ಗೋಳು, ನಮಗೇನು ಎನ್ನಬೇಡಿ. ಈಸ್ಟ್ ಇಂಡಿಯಾ ಕಂಪನಿಯವರು 1752ರವರೆಗೆ ಬರೆದದ್ದೆಲ್ಲ ಹಳೆಯ ತಾರೀಖು. ಅದೇ ಹೊತ್ತಿನಲ್ಲಿ ಗೋವೆಯ ಪೋರ್ಚುಗೀಸರು ಬರೆದದ್ದು ಹೊಸ ತಾರೀಖು. ಔರಂಗಜೇಬನ ಸಾವು ಒಂದು ಪುಸ್ತಕದಲ್ಲಿ 1707ರ ಫೆಬ್ರವರಿ 20, ಇನ್ನೊಂದರಲ್ಲಿ ಮಾರ್ಚ್ 3 ಎಂದಿರುವುದು ಈ 11 ದಿನಗಳ ವ್ಯತ್ಯಾಸದಿಂದ.

ನಿಮ್ಮ ಶಿವಾಜಿ ಜಯಂತಿಗೂ ಉತ್ತರ ಇಲ್ಲೇ ಇದೆ. ಮಹಾರಾಷ್ಟ್ರ ಸರ್ಕಾರ ಒಪ್ಪಿಕೊಂಡಿರುವುದು ಶಕ 1551ರ ಫಾಲ್ಗುಣ ಬಹುಳ ತದಿಗೆ, ಅಂದರೆ 1630ರ ಫೆಬ್ರವರಿ 19. ಈ 19 ಜೂಲಿಯನ್ ತಾರೀಖು. ಈಗಿನ ಕ್ಯಾಲೆಂಡರಿಗೆ ತಂದರೆ ಮಾರ್ಚ್ 1. ಹುಣ್ಣಿಮೆ ಲೆಕ್ಕ ಹಾಕಿದರೆ ಇದು ಖಚಿತವಾಗುತ್ತದೆ: ಹೊಸ ಲೆಕ್ಕದಲ್ಲಿ ಆ ವರ್ಷ ಫಾಲ್ಗುಣದ ಹುಣ್ಣಿಮೆ ಫೆಬ್ರವರಿ 27ರ ಸುಮಾರಿಗೆ ಬೀಳುತ್ತದೆ, ಬಹುಳ ತದಿಗೆ ಎರಡು ದಿನ ಕಳೆದು. 1674ರ ಪಟ್ಟಾಭಿಷೇಕದ ಜೂನ್ 6 ಕೂಡ ಹಳೆಯ ಲೆಕ್ಕದ್ದೇ, ಹೊಸದರಲ್ಲಿ ಜೂನ್ 16. ಜಯಂತಿಯನ್ನು ತಿಥಿ ಹಿಡಿದು ಆಚರಿಸುವವರು ಹೆಚ್ಚಾಗಿ ಮಾರ್ಚ್‌ನಲ್ಲಿ ಆಚರಿಸುವುದು ಅದಕ್ಕೇ. ಜನ್ಮವರ್ಷವೇ 1627 ಎನ್ನುವ ಹಳೆಯ ವಾದ ಬೇರೆ ಇದೆ, ಅದು ಕ್ಯಾಲೆಂಡರಿನ ತಂಟೆಯಲ್ಲ, ಆಕರಗಳ ತಂಟೆ.

ಪರೀಕ್ಷಿಸುವ ಸುಲಭದ ದಾರಿ ವಾರ. ತಾಳಿಕೋಟೆ ಕದನಕ್ಕೆ ಇತಿಹಾಸದ ಪುಸ್ತಕಗಳು ಹೆಚ್ಚಾಗಿ ಕೊಡುವುದು 1565ರ ಜನವರಿ 23, ಮಂಗಳವಾರ. ನಿಮ್ಮ ಕಂಪ್ಯೂಟರಿನ ಕ್ಯಾಲೆಂಡರನ್ನು 1565ಕ್ಕೆ ಹಿಂದಕ್ಕೆ ಉರುಳಿಸಿ ನೋಡಿ, ಬಹುಪಾಲು ತಂತ್ರಾಂಶಗಳು ಶನಿವಾರ ತೋರಿಸುತ್ತವೆ. ಪುಸ್ತಕ ತಪ್ಪಲ್ಲ. ತಂತ್ರಾಂಶ ಗ್ರೆಗೋರಿಯನ್ ಪದ್ಧತಿಯನ್ನು ಅದು ಹುಟ್ಟುವುದಕ್ಕೂ ಹಿಂದಿನ ಕಾಲಕ್ಕೆ ಎಳೆದುಕೊಂಡು ಹೋಗಿದೆ. ಹಳೆಯ ಜನವರಿ 23 ಎಂದರೆ ಎಳೆದ ಲೆಕ್ಕದಲ್ಲಿ ಫೆಬ್ರವರಿ 2, ಅದು ಮಂಗಳವಾರವೇ. ವಾರ ಕೂಡಿಬಂತು ಎಂದರೆ ಕೊಟ್ಟ ತಾರೀಖು ಜೂಲಿಯನ್ ಎಂದು ಗೊತ್ತಾಯಿತು. 1582ಕ್ಕೂ ಹಿಂದಿನದನ್ನು ಜೂಲಿಯನ್‌ನಲ್ಲೇ ಬಿಡುವುದು ಇತಿಹಾಸಕಾರರ ರೂಢಿ. ಅದನ್ನು ತಿದ್ದಲು ಹೋಗಬೇಡಿ.

ಶಾಸನಗಳನ್ನು ಓದುವವರು ಮಾಡುವುದೂ ಇದನ್ನೇ. ಇಸವಿ ತಿಳಿಯಲು ಶಕ ವರ್ಷಕ್ಕೆ 78 ಕೂಡಿಸಬೇಕು, ಪುಷ್ಯ ಮಾಘದ ಹೊತ್ತಿಗೆ ಜನವರಿ ದಾಟಿದ್ದರೆ 79. ಶಾಸನದ ಶಕ ವರ್ಷ ಕಳೆದದ್ದೋ ನಡೆಯುತ್ತಿರುವುದೋ ಎಂಬ ಗೊಂದಲದಲ್ಲಿ ಒಂದು ವರ್ಷ ಆಚೀಚೆ ಆಗುತ್ತದೆ, ಅದನ್ನು ಸಂವತ್ಸರದ ಹೆಸರು ಹಿಡಿದು ಸರಿಪಡಿಸುತ್ತಾರೆ. ಕೊನೆಗೆ ತಿಥಿ, ವಾರ ಎರಡೂ ಕೂಡಿದರೆ ಮಾತ್ರ ತಾರೀಖು ಒಪ್ಪುತ್ತಾರೆ. ತಿಥಿಗೂ ತಾರೀಖಿಗೂ ತಾಳೆ ಹಾಕುವ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳು ಈ ಕೆಲಸಕ್ಕೆ ಇವತ್ತಿಗೂ ಕೈಗೆ ಬರುತ್ತವೆ. ಉತ್ತರದ ಪಂಚಾಂಗ ಹಿಡಿದರೆ ಇನ್ನೊಂದು ಗುಂಡಿ ಇದೆ. ನಮಗೆ ಶಿವರಾತ್ರಿ ಮಾಘ ಬಹುಳ ಚತುರ್ದಶಿ, ಅವರಿಗೆ ಫಾಲ್ಗುಣ. ದಿನ ಒಂದೇ, ಬಹುಳ ಪಕ್ಷಕ್ಕೆ ತಿಂಗಳ ಹೆಸರು ಬೇರೆ.

ದಿನ ಎಲ್ಲಿ ಶುರುವಾಗುತ್ತದೆ ಎಂಬುದರಲ್ಲೂ ಒಮ್ಮತವಿಲ್ಲ. ಪಂಚಾಂಗಕ್ಕೆ ಸೂರ್ಯೋದಯ, ಹಿಜರಿಗೆ ಸೂರ್ಯಾಸ್ತ, ಇಂಗ್ಲಿಷ್ ತಾರೀಖಿಗೆ ನಡುರಾತ್ರಿ. ‘ಸೋಮವಾರ ರಾತ್ರಿ ಎರಡು ಗಂಟೆಗೆ ಹೋದರು’ ಎಂದು ಮನೆಯವರು ಹೇಳಿದರೆ ಮರಣಪತ್ರದಲ್ಲಿ ಮಂಗಳವಾರ ಎಂದಿರುತ್ತದೆ. ಸುಲ್ತಾನರ ಕಾಲದ ಪರ್ಷಿಯನ್ ಆಕರಗಳಲ್ಲಿ ಒಂದು ದಿನದ ಹೆಚ್ಚುಕಡಿಮೆ ಕಂಡರೆ ಮೊದಲು ನೋಡಬೇಕಾದದ್ದು ಇದನ್ನು.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಕ್ಯಾಲೆಂಡರಿನ ಕಾಟ ಬಹುಮಟ್ಟಿಗೆ ತಪ್ಪಿ ಗಡಿಯಾರದ ಕಾಟ ಶುರು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟದ್ದು 1969ರ ಜುಲೈ 20 ಎಂದು ಎಲ್ಲ ಪಟ್ಟಿಗಳಲ್ಲಿ ಇರುತ್ತದೆ. ಅದು ಅಮೆರಿಕದ ದಿನ. ನೌಕೆ ಇಳಿದಾಗ ಭಾರತದಲ್ಲಿ 21ರ ರಾತ್ರಿ 1 ಗಂಟೆ 47 ನಿಮಿಷ, ಆರ್ಮ್‌ಸ್ಟ್ರಾಂಗ್ ಹೆಜ್ಜೆ ಊರಿದಾಗ ಬೆಳಿಗ್ಗೆ 8 ಗಂಟೆ 26 ನಿಮಿಷ, ಸೋಮವಾರ. ಪರ್ಲ್ ಹಾರ್ಬರ್ ದಾಳಿ ಹವಾಯಿಯಲ್ಲಿ 1941ರ ಡಿಸೆಂಬರ್ 7, ಟೋಕಿಯೊದಲ್ಲಿ 8. ಜಪಾನೀಯರು ಮಲಯಾದ ಕೋಟಾ ಬಾರುವಿನಲ್ಲಿ ಇಳಿದದ್ದು ಡಿಸೆಂಬರ್ 8 ಎಂದಿರುವುದರಿಂದ ಅದು ಮರುದಿನದ ಘಟನೆ ಎಂದುಕೊಳ್ಳುತ್ತೇವೆ. ನಿಜಕ್ಕೂ ಅದು ಶುರುವಾದದ್ದು ಪರ್ಲ್ ಹಾರ್ಬರ್‌ಗಿಂತ ಒಂದು ಗಂಟೆಗೂ ಮೊದಲು.

ಇನ್ನು ಎರಡನೆಯ ಗಂಟು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಆಶ್ಚರ್ಯ ಪಡುವ ಮೊದಲು ಆ ಟೊಂಗೆಯನ್ನು ಯಾರಾದರೂ ಮೊದಲೇ ಕೊಯ್ದಿಟ್ಟಿದ್ದರೇ ಎಂದು ನೋಡಬೇಕು. ದೊಡ್ಡ ದಿನಗಳಲ್ಲಿ ಬಹಳಷ್ಟು ಹಾಗೆ ಆರಿಸಿದವು.

1929ರ ಡಿಸೆಂಬರಿನ ಲಾಹೋರ್ ಅಧಿವೇಶನದಲ್ಲಿ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿತು. ಅದರ ಪ್ರತಿಜ್ಞೆಗೆ ಗೊತ್ತಾದ ದಿನ ಮುಂದಿನ ಜನವರಿಯ ಕೊನೆಯ ಭಾನುವಾರ, 26. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26. ಕೆಲವು ವಿಧಿಗಳು ಅಂದೇ ಜಾರಿಗೆ ಬಂದವು, ಉಳಿದವನ್ನು ಎರಡು ತಿಂಗಳು ತಡೆದು ಜನವರಿ 26ಕ್ಕೆ ಜಾರಿಗೆ ತಂದರು, ಹಳೆಯ ಪ್ರತಿಜ್ಞೆಯ ದಿನಕ್ಕೆ ಕೂಡಲಿ ಎಂದು. ಆಗಸ್ಟ್ 15 ಮೌಂಟ್‌ಬ್ಯಾಟನ್ ಆಯ್ಕೆ. ಜಪಾನಿನ ಶರಣಾಗತಿಯ ಎರಡನೇ ವಾರ್ಷಿಕೋತ್ಸವ ಅಂದು ಬೀಳುತ್ತಿತ್ತು ಎಂದು ಅವರೇ ಆಮೇಲೆ ಹೇಳಿದ್ದಾರೆ. ದಕ್ಷಿಣ ಕೊರಿಯಾದ ಬಿಡುಗಡೆಯ ದಿನವೂ ಆಗಸ್ಟ್ 15 ಆಗಿರುವುದು ಆ ಶರಣಾಗತಿಯಿಂದಲೇ. ಬೇರು ಒಂದು, ಕೊಂಬೆ ಎರಡು.

ನವೆಂಬರ್ 1 ನಿಮ್ಮ ಮಕ್ಕಳಿಗೆ ಒಳ್ಳೆಯ ಪಾಠ. ವಿಶಾಲ ಮೈಸೂರು, ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶ ನಾಲ್ಕೂ 1956ರ ಅದೇ ದಿನ ರೂಪ ಪಡೆದವು ಎಂದರೆ ಅದು ಕಾಕತಾಳೀಯವಲ್ಲ, ಒಂದೇ ರಾಜ್ಯ ಪುನರ್ವಿಂಗಡಣಾ ಕಾಯ್ದೆ. 1973ರಲ್ಲಿ ಮೈಸೂರಿಗೆ ಕರ್ನಾಟಕ ಎಂಬ ಹೆಸರು ಬಂದದ್ದೂ ನವೆಂಬರ್ 1ಕ್ಕೆ, ಅದು ಬೇಕೆಂದೇ. ಆದರೆ ಫ್ರೆಂಚರು ಪಾಂಡಿಚೇರಿಯ ಆಡಳಿತ ಬಿಟ್ಟುಕೊಟ್ಟದ್ದು 1954ರ ನವೆಂಬರ್ 1, ಹರಿಯಾಣ ಹುಟ್ಟಿದ್ದು 1966ರ ನವೆಂಬರ್ 1, ಛತ್ತೀಸ್‌ಗಢ 2000ದ ನವೆಂಬರ್ 1. ಆಡಳಿತದವರಿಗೆ ತಿಂಗಳ ಒಂದನೇ ತಾರೀಖು ಲೆಕ್ಕಪತ್ರಕ್ಕೆ ಅನುಕೂಲ, ಅದಕ್ಕಿಂತ ಆಳಕ್ಕೆ ಅಗೆಯಬೇಕಾಗಿಲ್ಲ. ಅದೇ ವರ್ಷ ಜಾರ್ಖಂಡಿಗೆ ಆರಿಸಿದ ನವೆಂಬರ್ 15 ಮಾತ್ರ ಬಿರ್ಸಾ ಮುಂಡಾ ಜಯಂತಿ.

ರಾಯಣ್ಣನ ವಿಷಯಕ್ಕೆ ಬರೋಣ. ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26 ಎಂದು ಸಾಮಾನ್ಯವಾಗಿ ಒಪ್ಪಿದ ತಾರೀಖು. ಹುಟ್ಟಿದ್ದಕ್ಕೆ ಆಗಸ್ಟ್ 15 ಎಂದು ಆಚರಣೆ ಇದೆ, ಆದರೆ ಇಸವಿ ಕೆಲವು ಕಡೆ 1796, ಕೆಲವು ಕಡೆ 1798. ಇಸವಿಯೇ ನಿಂತಿಲ್ಲದ ಕಡೆ ದಿನದ ಮೇಲೆ ದೊಡ್ಡ ತೀರ್ಮಾನ ಹೇರಬಾರದು. ಎರಡನ್ನೂ ಹಾಗೆಯೇ ಒಪ್ಪಿಕೊಂಡರೂ ಲೆಕ್ಕ ಹೀಗೆ: ಒಬ್ಬರ ಹುಟ್ಟು ಸಾವುಗಳಲ್ಲಿ ಒಂದು ಆಗಸ್ಟ್ 15, ಇನ್ನೊಂದು ಜನವರಿ 26 ಆಗುವ ಸಾಧ್ಯತೆ ಸುಮಾರು 66,600ಕ್ಕೆ ಒಂದು. ಒಂದು ಕೋಟಿ ಜನರಲ್ಲಿ 150 ಮಂದಿ ಹಾಗಿರುತ್ತಾರೆ. ಅವರಲ್ಲಿ ನಮಗೆ ಗೊತ್ತಿರುವವನು ರಾಯಣ್ಣ ಒಬ್ಬನೇ, ಉಳಿದವರ ತಾರೀಖು ಬರೆದಿಟ್ಟವರಿಲ್ಲ. ಆ ಎರಡು ದಿನಗಳನ್ನು ಆರಿಸಿದವರ ಮನಸ್ಸಿನಲ್ಲಿ ನಂದಗಡ ಇರಲಿಲ್ಲ ಎಂಬುದೂ ಮೇಲೆ ಹೇಳಿದ ಕಾರಣಗಳಿಂದ ಸ್ಪಷ್ಟ. ಮಕ್ಕಳಿಗೆ ಇದು ಕೂಡಿಬಂದದ್ದು ಎಂದು ಹೇಳಿ, ಸಂತೋಷದಿಂದಲೇ ಹೇಳಿ. ರಾಯಣ್ಣನ ದೊಡ್ಡತನ ತಾರೀಖಿನ ಹಂಗಿನಲ್ಲಿಲ್ಲ.

ಸಹೋದ್ಯೋಗಿಯವರ ಸೆಪ್ಟೆಂಬರ್ 11ರಲ್ಲಿ ನ್ಯೂಯಾರ್ಕಿನ ದಾಳಿ 2001, ಚಿಲಿಯ ಸೇನಾ ದಂಗೆ 1973. ಜೊತೆಗೆ ವಿವೇಕಾನಂದರ ಷಿಕಾಗೊ ಭಾಷಣ 1893, ಜೋಹಾನ್ಸ್‌ಬರ್ಗಿನಲ್ಲಿ ಗಾಂಧೀಜಿಯ ಸತ್ಯಾಗ್ರಹ ಹುಟ್ಟಿದ ಸಭೆ 1906, ವಿನೋಬಾ ಹುಟ್ಟಿದ್ದು 1895. ದಿನಕ್ಕೆ ಬಲವಿದ್ದರೆ ಅದು ಯಾವ ಕಡೆಯದು? ಇತಿಹಾಸದ ಘಟನೆಗಳು ಲಕ್ಷಗಟ್ಟಲೆ, ಹಂಚುವುದಕ್ಕೆ ಇರುವ ಮನೆಗಳು 366. ಯಾವ ದಿನ ತೆಗೆದರೂ ಒಂದು ಯುದ್ಧ, ಒಬ್ಬ ಮಹಾತ್ಮ, ಒಂದು ಅಪಘಾತ ಸಿಕ್ಕೇ ಸಿಗುತ್ತವೆ. ಅಷ್ಟಾದರೂ 1826ರ ಜುಲೈ 4 ನನ್ನನ್ನು ಒಂದು ಕ್ಷಣ ನಿಲ್ಲಿಸುತ್ತದೆ: ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ ಜೆಫರ್ಸನ್, ಜಾನ್ ಆಡಮ್ಸ್ ಇಬ್ಬರೂ ತೀರಿಕೊಂಡರು. ಇಬ್ಬರೂ ವಯಸ್ಸಾಗಿ ಹಾಸಿಗೆ ಹಿಡಿದಿದ್ದರು ಎಂಬುದು ವಿಸ್ಮಯವನ್ನು ಸ್ವಲ್ಪ ಇಳಿಸುತ್ತದೆ, ಪೂರ್ತಿ ಇಳಿಸುವುದಿಲ್ಲ. ಅಂದಹಾಗೆ, ಸ್ವಾತಂತ್ರ್ಯದ ಪರವಾಗಿ ಮತ ಬಿದ್ದದ್ದು 1776ರ ಜುಲೈ 2. ಘೋಷಣೆಯ ಪಠ್ಯ ಒಪ್ಪಿದ್ದು 4ಕ್ಕೆ.

ತರಗತಿಯಲ್ಲೇ ತೋರಿಸಬಹುದು. 23 ಮಂದಿ ಇದ್ದರೆ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು, 40 ಮಂದಿ ಇದ್ದರೆ ಶೇ. 89. ಅದೇ ಒಂದು ನಿರ್ದಿಷ್ಟ ದಿನ, ಉದಾಹರಣೆಗೆ ನಿಮ್ಮ ಜನ್ಮದಿನ, ಬೇಕೆಂದರೆ ಅರ್ಧ ಸಾಧ್ಯತೆಗೇ 253 ಮಂದಿ ಬೇಕು. ‘ಯಾವುದಾದರೂ ಕೂಡಲಿ’ ಎನ್ನುವುದಕ್ಕೂ ‘ಇದೇ ಕೂಡಲಿ’ ಎನ್ನುವುದಕ್ಕೂ ಇಷ್ಟು ಅಂತರ. ಆದರೆ ದಾಖಲಾತಿ ರಿಜಿಸ್ಟರ್ ನೋಡಿ ಲೆಕ್ಕ ಹಾಕಬೇಡಿ, ಮಕ್ಕಳನ್ನೇ ಕೇಳಿ. ಹಳೆಯ ರಿಜಿಸ್ಟರ್ ತೆಗೆದರೆ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿರುತ್ತದೆ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ವಯಸ್ಸು ಅಂದಾಜು ಮಾಡಿ ಬರೆದದ್ದು ಅದು. ಇಂತಿಂಥ ದೊಡ್ಡವರೆಲ್ಲ ಜೂನ್ 1ರಂದೇ ಹುಟ್ಟಿದರು ಎಂಬ ಪಟ್ಟಿ ಬಂದರೆ ಹಳ್ಳಿಯ ಹೆಡ್‌ಮಾಸ್ತರನ್ನು ನೆನೆಯಿರಿ.

ಹಲಗೆಯ ಮೇಲೆ ಏನು ಬರೆಯಬೇಕು? ಎಲ್ಲವನ್ನೂ ಹೊಸ ಕ್ಯಾಲೆಂಡರಿಗೆ ತಿರುಗಿಸಿಬಿಡುವ ಆಸೆ ಬರುತ್ತದೆ. ಬೇಡ ಎನ್ನುತ್ತೇನೆ. ಪಠ್ಯಪುಸ್ತಕಕ್ಕೂ ಸರ್ಕಾರಿ ಆಚರಣೆಗೂ ನಿಮ್ಮ ಹಲಗೆಗೂ ತಾಳೆ ತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದು, ಆಗಲೇ ತಿರುಗಿಸಿದ್ದನ್ನು ಮತ್ತೆ ತಿರುಗಿಸುವುದು. ನ್ಯೂಟನ್‌ನ ಜನವರಿ 4ಕ್ಕೆ ಇನ್ನೂ 10 ಕೂಡಿಸಿ 14 ಮಾಡಿದರೆ ಅವನು ಸಂಕ್ರಾಂತಿಗೆ ಹುಟ್ಟಿದಂತಾಗುತ್ತದೆ! 1800ರ ಈಚಿನದನ್ನು ಮಾತ್ರ ತೆಗೆದುಕೊಳ್ಳುವುದು ನಿರಪಾಯ, ರಷ್ಯ, ಗ್ರೀಸ್‌ನಂಥ ತಡವಾಗಿ ಬದಲಾಯಿಸಿದ ದೇಶಗಳನ್ನು ಬಿಟ್ಟರೆ. ಆದರೆ ವಿಜಯನಗರವೂ ಶಿವಾಜಿಯೂ ಹೊರಗುಳಿಯುತ್ತಾರೆ, ಅದು ನಷ್ಟವೇ. ಬಸವಣ್ಣ, ಕನಕದಾಸರ ಜಯಂತಿಗಳನ್ನು ತಿಥಿಯಂತೆ ಆ ವರ್ಷದ ಕ್ಯಾಲೆಂಡರ್ ನೋಡಿಯೇ ಬರೆಯಿರಿ, ಹಿಂದಿನ ವರ್ಷದ ನೋಟು ನಕಲು ಮಾಡಿದರೆ ಕೆಟ್ಟಿತು. ಉಳಿದವಕ್ಕೆ ರೂಢಿಯ ತಾರೀಖನ್ನೇ ಇಟ್ಟು, ಪಕ್ಕದಲ್ಲಿ ಎರಡು ಪದ ಸೇರಿಸಿ.

ಬರೆಯುವ ಮೊದಲು ಒಮ್ಮೆ ನೋಡಿಕೊಳ್ಳಬೇಕಾದದ್ದು: ಕೊಟ್ಟಿರುವುದು ಹುಟ್ಟೋ ದೀಕ್ಷೆಯೋ, ಸಾವೋ ಸಂಸ್ಕಾರವೋ, ಕಾಯ್ದೆ ಅಂಗೀಕಾರವಾದದ್ದೋ ಜಾರಿಯಾದದ್ದೋ. ಎರಡು ಪಟ್ಟಿಗಳಲ್ಲಿ ಒಂದೇ ವಾಕ್ಯ ಒಂದೇ ಕಾಗುಣಿತದ ತಪ್ಪಿನೊಂದಿಗೆ ಇದ್ದರೆ ಅದು ಎರಡು ಆಧಾರವಲ್ಲ, ಒಂದರದೇ ನಕಲು.

ಬರುವ ಜನವರಿ 30ಕ್ಕೆ ನಿಮ್ಮ ಹಲಗೆ ಹೀಗಿರಲಿ: ‘1948: ಗಾಂಧೀಜಿ ಹತ್ಯೆ, ದೆಹಲಿ, ಶುಕ್ರವಾರ ಸಂಜೆ. 1649: ಒಂದನೇ ಚಾರ್ಲ್ಸ್ ಶಿರಚ್ಛೇದ, ಲಂಡನ್ (ಹಳೆಯ ಕ್ಯಾಲೆಂಡರ್, ಹೊಸದರಲ್ಲಿ ಫೆಬ್ರವರಿ 9).’ ಎರಡನೆಯ ಸಾಲನ್ನು ಆ ಹುಡುಗನ ಕೈಯಲ್ಲೇ ಬರೆಸಿ.